ಲಿಗೋರಿ ಮಾಸ್ಟ್ರ ನಾಲ್ಕು ಪೋರ್ಟು

ಗುರುಪುರ ಹೊಳೆ ಕಡಲು ಸೇರುವ ಮುಂಚೆ ಒಂದು ಕಡೆ ಅಗಲವಾಗಿ, ನಿಧಾನವಾಗುತ್ತದೆ. ಅಲ್ಲಿ, ದೋಣಿ ದುರಸ್ತಿ ಮಾಡುವವರ ಪಕ್ಕದಲ್ಲಿ, ಲಿಗೋರಿ ಮಾಸ್ಟ್ರ ಕಾರ್ಖಾನೆ ಇತ್ತು.

ಎಂಜಿನ್ನುಗಳ ಉಸಿರಾಟ ಸರಿಪಡಿಸುವುದು ಅವರ ಕಸುಬು.

ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ಲೋಹದ ಭಾಗಕ್ಕೆ ಸಿಲಿಂಡರ್ ಹೆಡ್ ಎನ್ನುತ್ತಾರೆ. ಗಾಳಿ ಒಳಗೆ ಹೋಗುವುದು ಅದರೊಳಗಿನ ಸಣ್ಣ ಸುರಂಗಗಳಿಂದ. ಆ ಸುರಂಗವೇ ಪೋರ್ಟು. ಎರಕದಿಂದ ಬಂದಾಗ ಅದು ಒರಟಾಗಿರುತ್ತದೆ. ಅದನ್ನು ಕೆತ್ತಿ, ತಿದ್ದಿ, ಗಾಳಿಗೆ ಹಿತವಾಗುವಂತೆ ಮಾಡಿದರೆ ಅದೇ ಎಂಜಿನ್ನು ಬೇರೆಯೇ ಆಗಿಬಿಡುತ್ತದೆ.

ರ‍್ಯಾಲಿ ಪಂದ್ಯಗಳಲ್ಲಿ ಕಾರು ಓಡಿಸುವವರು ಘಟ್ಟ ಇಳಿದು ಮಾಸ್ಟ್ರನ್ನು ಹುಡುಕಿಕೊಂಡು ಬರುತ್ತಿದ್ದರು. ಮಾಸ್ಟ್ರು ಕೆತ್ತಿದ ಹೆಡ್ಡಿಗೆ ಏರು ದಾರಿಯಲ್ಲಿ ದಮ್ಮು ಕಟ್ಟುವುದಿಲ್ಲ ಎಂಬ ಮಾತಿತ್ತು.

ಆಮೇಲೆ ಅವರ ಬಲಗೈ ನಡುಗತೊಡಗಿತು. ಮೊದಲು ಚಹಾದ ಲೋಟ ಅದನ್ನು ಹೇಳಿತು, ಆಮೇಲೆ ಲೋಹ ಕೆತ್ತುವ ಗ್ರೈಂಡರ್.

ಕೈ ಪೂರ್ತಿ ಕೈಬಿಡುವ ಮುಂಚೆ ಮಾಸ್ಟ್ರು ಒಂದು ಹೆಡ್ಡನ್ನು ತಮಗಾಗಿ ಕೆತ್ತಿದರು. ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಬಳಿಕ ಐದು ದಿಕ್ಕಿಗೆ ತಿರುಗಿ ಕೊರೆಯುವ ಸಿಎನ್‌ಸಿ ಯಂತ್ರವೊಂದನ್ನು ತರಿಸಿದರು. ಮೀಸೆ ಹಣ್ಣಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅದಕ್ಕೆ ಪ್ರೋಗ್ರಾಂ ಬರೆಯುವುದನ್ನೂ ಕಲಿತರು.

ಆ ಸುದ್ದಿ ಕೇಳಿ ದಾವಣಗೆರೆಯಿಂದ ನಿಜಗುಣ ಬಂದ.

ನಿಜಗುಣ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಕಾರ್ಖಾನೆಯಲ್ಲಿ ಅಂಥದೇ ಯಂತ್ರ ನಡೆಸಿದವನು. ಬಕೆಟ್ಟು, ಮಗ್ಗು, ಕುರ್ಚಿಯ ಕಾಲು ಇವುಗಳ ಅಚ್ಚು ಕೊರೆದು ಕೊರೆದು ಬೇಸತ್ತಿದ್ದ. ಎಂಜಿನ್ನೆಂದರೆ ಅವನಿಗೆ ಚಿಕ್ಕಂದಿನಿಂದ ಹುಚ್ಚು.

ಮಾಸ್ಟ್ರು ಕೇಳಿದರು: “ಎಂತ ಕಲೀಲಿಕ್ಕೆ ಬಂದದ್ದು?”

“ಸಿಎನ್‌ಸಿ ಪೋರ್ಟಿಂಗ್, ಮಾಸ್ಟ್ರೇ.”

“ಸಿಎನ್‌ಸಿ ಗೊತ್ತುಂಟಾ?”

“ಗೊತ್ತು.”

“ಪೋರ್ಟಿಂಗ್?”

“ಅದೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡ್ಬೇಕು?”

ಮಾಸ್ಟ್ರು ಮೂಲೆಯ ಗುಜರಿಯಿಂದ ಒಂದು ಹಳೆಯ ಹೆಡ್ ತೋರಿಸಿದರು. ಒಂದು ಡಬ್ಬಿಯಲ್ಲಿ ಗಟ್ಟಿಯಾಗುವ ರಬ್ಬರ್ ದ್ರವ ಕೊಟ್ಟರು. “ಪೋರ್ಟಿನೊಳಗೆ ಇದನ್ನು ಹೊಯ್ಯಿ. ನಾಳೆ ತೆಗಿ.”

ಮರುದಿನ ನಿಜಗುಣ ಅದನ್ನು ಎಳೆದು ತೆಗೆದ. ಬಾಗಿದ, ಉಬ್ಬಿದ, ಒಂದು ತುದಿಗೆ ದುಂಡಗಾದ ರಬ್ಬರಿನ ತುಂಡು ಅವನ ಅಂಗೈಯಲ್ಲಿ ಕೂತಿತು. ಸುರಂಗವನ್ನು ಹೊರಗಿಂದ ನೋಡಿದ್ದು ಅವನಿಗೆ ಅದೇ ಮೊದಲು.

“ಇದೆಂತ?” ಎಂದರು ಮಾಸ್ಟ್ರು.

“ಪೋರ್ಟಿನ ಅಚ್ಚು.”

“ಇದರಲ್ಲಿ ಲೋಹ ಎಲ್ಲುಂಟು?”

ನಿಜಗುಣ ತಿರುಗಿಸಿ ನೋಡಿದ. “ಲೋಹ ಇಲ್ಲ. ಲೋಹ ಇಲ್ಲದ ಜಾಗ ಇದು.”

“ಹಾಂ. ನಾವು ಮಾರುದು ಅದನ್ನೇ,” ಎಂದು ಮಾಸ್ಟ್ರು ಚಹಾಕ್ಕೆ ಹೋದರು.

ಅಲ್ಲಿಂದ ಅವನ ಪಾಠ ಶುರುವಾಯಿತು. ಆದರೆ ಯಂತ್ರದ ಹತ್ತಿರಕ್ಕೆ ಮಾತ್ರ ಅದು ಹೋಗಲಿಲ್ಲ.

ಕಾರ್ಖಾನೆಯ ನಡುವೆ ಗಾಳಿ ಅಳೆಯುವ ಒಂದು ಮೇಜಿತ್ತು. ಹೆಡ್ಡನ್ನು ಅದರ ಮೇಲಿಟ್ಟು ಮೋಟಾರು ಹಚ್ಚಿದರೆ ಪೋರ್ಟಿನ ಮೂಲಕ ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಷ್ಟು ಗಾಳಿ ಹೋಯಿತೆಂದು ಒಂದು ಮುಳ್ಳು ಹೇಳುತ್ತದೆ. ಮಾಸ್ಟ್ರು ಅವನ ಕೈಗೆ ತಂತಿಯೊಂದನ್ನು ಕೊಟ್ಟರು. ಅದರ ತುದಿಗೆ ಹೊಲಿಗೆದಾರ ಕಟ್ಟಿತ್ತು. ಅದನ್ನು ಪೋರ್ಟಿನೊಳಗೆ ಹಿಡಿದು, ದಾರ ಎಲ್ಲಿ ನೆಟ್ಟಗಿರುತ್ತದೆ, ಎಲ್ಲಿ ಒದ್ದಾಡುತ್ತದೆ ಎಂದು ನೋಡುತ್ತ ಕೂರುವುದು ಅವನ ಕೆಲಸ.

“ಮುಳ್ಳೇ ಹೇಳುತ್ತಲ್ಲ ಮಾಸ್ಟ್ರೇ, ದಾರ ಯಾಕೆ?”

“ಜ್ವರ ಎಷ್ಟು ಅಂತ ಥರ್ಮಾಮೀಟರ್ ಹೇಳ್ತದೆ. ಎಲ್ಲಿ ನೋವು ಅಂತ ಹೇಳ್ತದಾ?”

ಅವನು ದಾರ ನೋಡಿದ. ಸುರಂಗ ತಿರುಗಿ ಕೆಳಗಿಳಿಯುವ ಮೂಲೆಯಲ್ಲಿ ದಾರ ಹುಚ್ಚೆದ್ದು ಕುಣಿಯುತ್ತಿತ್ತು. ಅಲ್ಲಿಗೆ ಬಂದಾಗ ಗಾಳಿಯ ಸದ್ದೂ ಗೊರಗೊರ ಎನ್ನುತ್ತಿತ್ತು.

ಕೆಲವು ವಾರಗಳ ಮೇಲೆ ಮಾಸ್ಟ್ರು ಗುಜರಿ ಹೆಡ್ಡೊಂದನ್ನು ಕೈಯಿಂದ ಕೆತ್ತಲು ಬಿಟ್ಟರು. ನಿಜಗುಣ ಸುರಂಗವನ್ನು ಅಗಲ ಮಾಡಿದ. ಮುಳ್ಳು ಏರಿತು. ಇನ್ನೂ ಅಗಲ ಮಾಡಿದ. ಇನ್ನಷ್ಟು ಏರಿತು. ಹಿಗ್ಗಿನಿಂದ ಮತ್ತೂ ಕೆತ್ತಿದ. ಮುಳ್ಳು ನಿಂತಿತು. ಆಮೇಲೆ ಇಳಿಯಿತು.

ಮಾಸ್ಟ್ರು ಅವನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದರು. ಹೊಳೆ ಅಲ್ಲಿ ಬಯಲಿನ ಹಾಗೆ ಹರಡಿತ್ತು. ಒಂದು ಒಣ ಮಾವಿನೆಲೆ ಎತ್ತಿ ಅವನಿಗೆ ಕೊಟ್ಟರು. “ಬಿಡು.”

ಬಿಟ್ಟ. ಎಲೆ ಬಿದ್ದಲ್ಲೇ ತೇಲುತ್ತ ಕೂತಿತು. ಪಕ್ಕದಲ್ಲಿ ದೋಣಿಯವರು ಮೊಳೆ ಹೊಡೆಯುವ ಸದ್ದು. ತುಂಬ ಹೊತ್ತು ಇಬ್ಬರೂ ಎಲೆಯನ್ನು ನೋಡಿದರು.

“ಅಗಲ ಬೇಕಾದಷ್ಟುಂಟು,” ಎಂದರು ಮಾಸ್ಟ್ರು. “ಓಟ ಎಲ್ಲುಂಟು?”

ನಿಜಗುಣನಿಗೆ ಅರ್ಥವಾಯಿತು. ಅರ್ಥವಾದದ್ದೇ ಅವನಿಗೆ ತಾಳ್ಮೆ ತಪ್ಪಿತು. ಇಷ್ಟು ತಿಳಿದ ಮೇಲೆ ಇನ್ನೇನು, ಯಂತ್ರಕ್ಕೆ ಹೋಗಬಹುದಲ್ಲ? ಕಪಾಟಿನಲ್ಲಿದ್ದ ಎಣ್ಣೆಬಟ್ಟೆಯ ಗಂಟು ಅವನನ್ನು ದಿನವೂ ಕರೆಯುತ್ತಿತ್ತು. ಒಮ್ಮೆ ಬಾಯಿಬಿಟ್ಟು ಕೇಳಿದ.

“ಮಾಸ್ಟ್ರೇ, ಆ ಹೆಡ್ಡನ್ನು ಯಂತ್ರದಲ್ಲಿಟ್ಟು ಪ್ರೋಬ್ ಮಾಡ್ಲಾ? ಒಳಗಿನ ಆಕಾರವೆಲ್ಲ ಕಂಪ್ಯೂಟರಿಗೆ ಬರುತ್ತೆ. ಆಮೇಲೆ ಎಷ್ಟು ಹೆಡ್ಡು ಬೇಕಾದ್ರೂ ನಿಮ್ಮ ಕೈಯಲ್ಲೇ ಮಾಡಿದ ಹಾಗೆ ಕೊರೀಬಹುದು.”

“ಈಗ ಬೇಡ.”

“ಯಾವಾಗ?”

“ಅದನ್ನು ಓದ್ಲಿಕ್ಕೆ ಬಂದ ಮೇಲೆ.”

“ಯಂತ್ರ ಓದುತ್ತಲ್ಲ.”

“ಯಂತ್ರ ಮುಟ್ತದೆ,” ಎಂದರು ಮಾಸ್ಟ್ರು.

ಆ ದಿನಗಳಲ್ಲೇ ಕೊಡಗಿನಿಂದ ದೇಚಮ್ಮ ಬಂದರು.

ದೇಚಮ್ಮ ರ‍್ಯಾಲಿ ಓಡಿಸುವವರು. ಕಾಡುದಾರಿಯೊಂದರಲ್ಲಿ ಕಾರು ಮಗುಚಿ ಕಾಲು ಮುರಿದುಕೊಂಡು ವರ್ಷಗಟ್ಟಲೆ ಮನೆಯಲ್ಲಿದ್ದರು. ಈಗ ಮತ್ತೆ ಓಡಿಸಬೇಕೆಂದು ಹೊರಟಿದ್ದರು. ಕಾರು ಹಳೆಯದು. ಅದರ ಹೆಡ್ ಈಗ ತಯಾರಾಗುವುದಿಲ್ಲ. ಇದ್ದ ಒಂದನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದರು.

ಮಾಸ್ಟ್ರು ಕಪಾಟಿನಲ್ಲಿಟ್ಟ ಹೆಡ್ಡೂ ಅದೇ ಜಾತಿಯದು.

“ಮುಂದಿನ ವಾರ ಭಾನುವಾರ ರ‍್ಯಾಲಿ, ಮಾಸ್ಟ್ರೇ. ಆಗುತ್ತಾ?”

“ಕೈ ನಡುಗ್ತದಮ್ಮ. ಸ್ವಲ್ಪ ಸ್ವಲ್ಪ ಮಾಡ್ತೇನೆ. ಆಗ್ತದೆ.”

ದೇಚಮ್ಮ ಹೊರಟಾಗ ಸ್ವಲ್ಪ ಕುಂಟುತ್ತಿದ್ದದ್ದನ್ನು ನಿಜಗುಣ ಗಮನಿಸಿದ.

ಮಾರನೇ ದಿನ ಮಾಸ್ಟ್ರು ಕೈ ತೋರಿಸಲು ಡಾಕ್ಟರ ಹತ್ತಿರ ಹೊರಟರು. ಅಲ್ಲೇ ತಂಗಿಯ ಮನೆಯಲ್ಲಿ ಉಳಿದು ಬರುವುದಿತ್ತು. ಹೊರಡುವಾಗ ಹೇಳಿದರು: “ಈ ಹೆಡ್ಡನ್ನು ತೊಳೆದಿಡು. ನಾಲ್ಕೂ ಪೋರ್ಟಿನ ಗೋಡೆ ಎಲ್ಲೆಲ್ಲಿ ಎಷ್ಟು ದಪ್ಪ ಉಂಟು ಅಂತ ಅಳೆದಿಡು. ಅಷ್ಟೇ.”

ನಿಜಗುಣ ತೊಳೆದ. ದಪ್ಪ ಅಳೆಯುವ ಮೀಟರ್ ಹಿಡಿದು ಮೊದಲನೇ ಪೋರ್ಟಿನ ಗೋಡೆ ಅಳೆದ. ಬೇಕಾದಷ್ಟು ದಪ್ಪವಿತ್ತು. ಉಳಿದವೂ ಅದೇ ಅಚ್ಚಿನಿಂದ ಬಂದವಲ್ಲ ಎಂದುಕೊಂಡು ಮೀಟರ್ ಕೆಳಗಿಟ್ಟ.

ಮಾಸ್ಟ್ರ ಕೈ ಅವನ ಕಣ್ಣಮುಂದೆ ಬಂತು. ಬಸ್ಸು ಹತ್ತುವಾಗ ಕಂಬಿ ಹಿಡಿಯಲು ಆ ಕೈ ಪಟ್ಟ ಪಾಡು. ಈ ಕೈಯಲ್ಲಿ ಮಾಸ್ಟ್ರು ಭಾನುವಾರದೊಳಗೆ ಕೆತ್ತುವುದುಂಟೆ? ತಾನೇ ಮಾಡಿಟ್ಟರೆ? ಅವರು ಬಂದು ನೋಡುವಾಗ ಕೆಲಸ ಮುಗಿದಿದ್ದರೆ?

ಹಾಗೆ ಯೋಚಿಸುವಾಗ ಅವನ ಮನಸ್ಸಿನಲ್ಲಿದ್ದದ್ದು ಪ್ರೀತಿಯೇ. ಆತುರವೂ ಇತ್ತು. ಎರಡರಲ್ಲಿ ಯಾವುದು ಕಪಾಟಿನ ಬಾಗಿಲು ತೆಗೆಯಿತೆಂದು ಅವನಿಗೇ ತಿಳಿಯಲಿಲ್ಲ.

ಎಣ್ಣೆಬಟ್ಟೆ ಬಿಚ್ಚಿ ಹೆಡ್ಡನ್ನು ಯಂತ್ರದಲ್ಲಿ ಕೂರಿಸಿದ. ತುದಿಯಲ್ಲಿ ಕೆಂಪು ಹರಳಿನ ಗುಂಡಿರುವ ಪ್ರೋಬು ಸುರಂಗದೊಳಗೆ ಇಳಿದು, ಇರುವೆಯ ಹಾಗೆ ಗೋಡೆ ಮುಟ್ಟುತ್ತ ಮುಟ್ಟುತ್ತ ಹೋಯಿತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ನಾಲ್ಕು ಪೋರ್ಟುಗಳು ಮೂಡಿದವು.

ನೋಡಿ ಅವನಿಗೆ ಪೆಚ್ಚೆನಿಸಿತು.

ನಾಲ್ಕೂ ಬೇರೆ ಬೇರೆ. ಒಂದರ ಎಡಗೋಡೆ ಉಬ್ಬಿತ್ತು. ಇನ್ನೊಂದರ ನೆಲ ತುಸು ಎತ್ತರ. ಮತ್ತೊಂದು ಬಲಕ್ಕೆ ವಾಲಿತ್ತು. ಕೊನೆಯದು ಒಂದು ಕಡೆ ಕೆತ್ತಿಯೇ ಇಲ್ಲವೇನೋ ಎಂಬಂತೆ ಗಿಡ್ಡವಾಗಿತ್ತು. ಒಂದರ ಮೇಲೊಂದಿಟ್ಟರೆ ಒಂದೂ ಹೊಂದುತ್ತಿರಲಿಲ್ಲ.

‘ಪಾಪ, ಕೈ ಆಗಲೇ ಕೆಟ್ಟಿತ್ತು,’ ಎಂದುಕೊಂಡ.

ನಾಲ್ಕನ್ನೂ ಕೂಡಿಸಿ, ಸರಾಸರಿ ತೆಗೆದು, ಒಂದು ಪೋರ್ಟು ಮಾಡಿದ. ಉಬ್ಬುತಗ್ಗು ಅಳಿಸಿದ. ಪರದೆಯ ಮೇಲೆ ಅದು ಹಂಸದ ಕೊರಳಿನ ಹಾಗೆ ಹೊಳೆಯಿತು. ಇಂಥ ನಯವಾದದ್ದು ಮಾಸ್ಟ್ರ ಕೈಯಿಂದಲೂ ಬಂದಿಲ್ಲ ಎಂದು ಅವನಿಗೆ ಒಳಗೊಳಗೇ ಅನ್ನಿಸಿತು.

ಮಾರನೇ ಬೆಳಿಗ್ಗೆ ದೇಚಮ್ಮನವರ ಹೆಡ್ಡನ್ನು ಯಂತ್ರದಲ್ಲಿ ಬಿಗಿದು ಗುಂಡಿ ಒತ್ತಿದ.

ಮೊದಲನೇ ಪೋರ್ಟು ಬೆಳ್ಳಿಯ ಹಾಗೆ ಬಂತು. ಎರಡನೆಯದೂ. ಮೂರನೆಯದೂ. ಅವನು ಸಿಳ್ಳೆ ಹಾಕುತ್ತಿದ್ದ.

ನಾಲ್ಕನೆಯದರಲ್ಲಿ ಕಟರಿನ ಸದ್ದು ಒಂದು ಕ್ಷಣ ತೆಳುವಾಯಿತು. ಹಾಳೆ ಹರಿದಂಥ ಸದ್ದು. ಆಮೇಲೆ ಮತ್ತೆ ಮೊದಲಿನಂತೆ.

ಸಿಳ್ಳೆ ನಿಂತಿತು. ಯಂತ್ರ ನಿಲ್ಲಿಸಿ ಟಾರ್ಚು ಹಿಡಿದ. ಹೊಳೆಯುವ ಗೋಡೆಯ ನಡುವೆ ಒಂದು ಕಪ್ಪು ಚುಕ್ಕೆ. ತಂತಿ ತುರುಕಿದ. ತಂತಿ ಒಳಗೆ ಹೋಯಿತು. ಗೋಡೆಯ ಆಚೆ ಎಂಜಿನ್ನನ್ನು ತಣಿಸುವ ನೀರು ಹರಿಯುವ ಪೊಳ್ಳು.

ಮಾಸ್ಟ್ರು ಬಂದಾಗ ಅವನು ಯಂತ್ರದ ಪಕ್ಕ ನೆಲದ ಮೇಲೆ ಕೂತಿದ್ದ. ಎದ್ದು ನಿಲ್ಲಲಿಲ್ಲ. ಬೆರಳಿನಿಂದ ತೋರಿಸಿದ.

ಮಾಸ್ಟ್ರು ಕನ್ನಡಕ ಏರಿಸಿ ಟಾರ್ಚು ಬಿಟ್ಟು ನೋಡಿದರು.

“ಸಾಸಿವೆಯಷ್ಟೇ ಇದೆ, ಮಾಸ್ಟ್ರೇ.”

“ನೀರಿಗೆ ಸಾಸಿವೆಯಷ್ಟು ಸಾಕು.” ಅವರು ಟಾರ್ಚು ಆರಿಸಿದರು. “ಗೋಡೆ ಅಳೆದಿದ್ದಿಯಾ?”

“ಮೊದಲನೇದನ್ನು ಅಳೆದೆ.”

“ಉಳಿದದ್ದು?”

“ಅದೇ ಅಚ್ಚಿನವಲ್ಲ ಅಂತ...”

ಮಾಸ್ಟ್ರು ಹೆಡ್ಡಿನೊಳಗೆ ಬೆರಳಿಟ್ಟು ಒಂದೊಂದೇ ಪೋರ್ಟನ್ನು ಸವರಿದರು. “ಈ ಆಕಾರ ಯಾರದ್ದು?”

“ನಿಮ್ಮದು. ಕಪಾಟಿನ ಹೆಡ್ಡಿನದು. ನಿಮ್ಮನ್ನು ಕೇಳದೆ ಪ್ರೋಬ್ ಮಾಡಿದೆ.”

“ನನ್ನದು ಅಲ್ಲ. ನನ್ನದು ನಾಲ್ಕೂ ಬೇರೆ ಬೇರೆ ಉಂಟು. ಇದು ನಾಲ್ಕೂ ಒಂದೇ.”

“ಸರಿ ಮಾಡಿದೆ, ಮಾಸ್ಟ್ರೇ.”

“ಎಂತ ಸರಿ ಮಾಡಿದ್ದು?”

ಹೇಳದೆ ಬೇರೆ ದಾರಿ ಇರಲಿಲ್ಲ. “ನಿಮ್ಮ ಕೈ ನಡುಗಿ ಹಾಗಾಗಿದೆ ಅನ್ಕೊಂಡೆ.”

ಮಾಸ್ಟ್ರು ತಮ್ಮ ಬಲಗೈಯನ್ನು ನೋಡಿಕೊಂಡರು. ಅದು ಟಾರ್ಚು ಹಿಡಿದುಕೊಂಡೇ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದರು.

“ನನ್ನ ಹೆಡ್ಡನ್ನು ಮೇಜಿಗೆ ಹಾಕು,” ಎಂದರು.

ನಿಜಗುಣ ಅದನ್ನು ಗಾಳಿಮೇಜಿನ ಮೇಲಿಟ್ಟು ಮೋಟಾರು ಹಚ್ಚಿದ. ಮೊದಲನೇ ಪೋರ್ಟಿಗೆ ಮುಳ್ಳು ಏರಿ ಒಂದು ಗೆರೆಯ ಮೇಲೆ ನಿಂತಿತು. ಎರಡನೆಯದಕ್ಕೆ ತಿರುಗಿಸಿದ. ಅದೇ ಗೆರೆ. ಮೂರನೆಯದು. ಅದೇ ಗೆರೆ. ಗಿಡ್ಡವಾಗಿದ್ದ ಕೊನೆಯದಕ್ಕೆ ತಿರುಗಿಸಿ ಬಗ್ಗಿ ನೋಡಿದ. ಮುಳ್ಳು ಅದೇ ಗೆರೆಗೆ ಬಂದು ನಿಂತಿತು.

ದಾರ ಹಿಡಿದು ನೋಡಿದ. ನಾಲ್ಕರಲ್ಲೂ ದಾರ ಅಲುಗದೆ ನಿಂತಿತ್ತು.

“ನಾಲ್ಕೂ ಒಂದೇ ಅಂತ ಗಾಳಿಗೆ ಗೊತ್ತುಂಟು,” ಎಂದರು ಮಾಸ್ಟ್ರು. “ಬೇರೆ ಬೇರೆ ಅಂತ ಕಂಡದ್ದು ನಿನಗೆ ಮಾತ್ರ.”

ದೇಚಮ್ಮನವರಿಗೆ ಫೋನ್ ಮಾಡಿ ಬರಹೇಳಿದರು. ಅವರು ಬಂದಾಗ ಮಾಸ್ಟ್ರು ನಿಜಗುಣನ ಕಡೆ ನೋಡಿ, “ನೀನೇ ಹೇಳು,” ಎಂದು ಬಾಗಿಲ ಬಳಿ ನಿಂತರು.

ನಿಜಗುಣ ಹೇಳಿದ. ಏನೂ ಮುಚ್ಚಿಡಲಿಲ್ಲ. ಗೋಡೆ ಅಳೆಯಲು ಹೇಳಿದ್ದನ್ನೂ, ತಾನು ಅಳೆಯದೆ ಬಿಟ್ಟದ್ದನ್ನೂ ಹೇಳಿದ.

ದೇಚಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮೆಟ್ಟಿಲ ಮೇಲೆ ಕೂತು ಮೊಣಕಾಲು ಉಜ್ಜಿಕೊಂಡರು.

“ಬೆಸುಗೆ ಹಾಕೋಕೆ ಆಗಲ್ವಾ ಮಾಸ್ಟ್ರೇ?”

“ಹಾಕಬಹುದು. ಬಿಸಿಗೆ ಹೆಡ್ ಸೊಟ್ಟ ಆಗ್ತದೆ. ಮತ್ತೆ ಎಲ್ಲ ಸರಿ ಮಾಡ್ಬೇಕು. ಭಾನುವಾರಕ್ಕೆ ಆಗುದಿಲ್ಲ.”

ದೇಚಮ್ಮ ಹೊಳೆಯ ಕಡೆ ನೋಡಿದರು. “ಗೆಲ್ಲಬೇಕು ಅಂತೇನೂ ಇರಲಿಲ್ಲ. ನಡೆಯೋದನ್ನೇ ಎರಡನೇ ಸಲ ಕಲಿತಿದ್ದೀನಿ. ಭಾನುವಾರ ಬೆಳಿಗ್ಗೆ ಎಲ್ಲರ ಜೊತೆ ಸಾಲಲ್ಲಿ ಕಾರು ನಿಲ್ಲಿಸಬೇಕು ಅಂತಿತ್ತು, ಅಷ್ಟೇ.”

ಮಾಸ್ಟ್ರು ಒಳಗೆ ಹೋದರು. ಗಾಳಿಮೇಜಿನ ಮೇಲಿದ್ದ ತಮ್ಮ ಹೆಡ್ಡನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದು ದೇಚಮ್ಮನವರ ಮಡಿಲಲ್ಲಿಟ್ಟರು.

“ಇದನ್ನು ಹಾಕುವ.”

ನಿಜಗುಣ ಅಡ್ಡ ಬಂದ. “ಮಾಸ್ಟ್ರೇ, ಬೇಡ! ಅದು ನೀವು ನಿಮಗೇ ಅಂತ ಮಾಡಿದ್ದು. ಇನ್ನೊಂದು ಮಾಡೋಕೆ...”

“ಆಗುದಿಲ್ಲ, ಹೌದು,” ಎಂದರು ಮಾಸ್ಟ್ರು ಮೆತ್ತಗೆ. “ಆದ್ರೆ ಇದು ಹುಟ್ಟಿದ ಮೇಲೆ ಒಮ್ಮೆಯೂ ಉಸಿರಾಡ್ಲಿಲ್ಲ ಮಾರಾಯ.”

ಕಾರನ್ನು ಕಾರ್ಖಾನೆಗೇ ತರಿಸಿದರು. ಹೆಡ್ಡನ್ನು ಕೂರಿಸಿದ್ದು ನಿಜಗುಣ. ಒಂದೊಂದು ಬೋಲ್ಟು ಬಿಗಿಯುವಾಗಲೂ ಮಾಸ್ಟ್ರು ಪಕ್ಕದಲ್ಲಿ ನಿಂತು ನೋಡಿದರು. ಎಂಜಿನ್ನು ಹಚ್ಚಿದಾಗ ದೋಣಿ ದುರಸ್ತಿಯವರು ಸುತ್ತಿಗೆ ನಿಲ್ಲಿಸಿ ತಿರುಗಿ ನೋಡಿದರು. ಅಷ್ಟು ದುಂಡಗೆ ಬಂತು ಸದ್ದು.

ದೇಚಮ್ಮ ಕಾರು ಏರಿ ಹೊರಟುಹೋದರು. ಹಾಳಾದ ಹೆಡ್ಡು ಕಾರ್ಖಾನೆಯಲ್ಲೇ ಉಳಿಯಿತು.

ನಿಜಗುಣ ತನ್ನ ಚೀಲ ತುಂಬಿಕೊಂಡ. ಬಟ್ಟೆ ಕಡಿಮೆ, ಬೇಗ ಮುಗಿಯಿತು. ಚೀಲ ಹೆಗಲಿಗೇರಿಸಿ ಮಾಸ್ಟ್ರ ಮುಂದೆ ನಿಂತ.

“ಹೋಗ್ತೀನಿ ಮಾಸ್ಟ್ರೇ. ನಿಮ್ಮ ಪೋರ್ಟಿನ ಫೈಲನ್ನು ಅಳಿಸಿಬಿಡ್ತೀನಿ. ಅದು ನನ್ನ ಹತ್ರ ಇರಬಾರದು.”

“ಅಳಿಸಿದ್ರೆ ಹೆಡ್ಡಿನ ತೂತು ಮುಚ್ತದಾ?”

ಮಾಸ್ಟ್ರು ಬೆಂಚಿನ ಮೇಲಿದ್ದ ಗರಗಸ ಅವನ ಕಡೆ ಸರಿಸಿದರು. “ಹೋಗುದಾದ್ರೆ ಹೋಗು. ಬಸ್ಸು ಎಲ್ಲ ಹೊತ್ತಿಗೂ ಉಂಟು. ಈ ಹೆಡ್ಡನ್ನು ಉದ್ದಕ್ಕೆ ಕೊಯ್ದು ಹೋಗು.”

ಅವನು ಚೀಲ ಇಳಿಸಿ ಕೊಯ್ಯಲು ನಿಂತ. ಅಲ್ಯುಮಿನಿಯಂ ಪುಡಿ ಅವನ ಪಾದಗಳ ಮೇಲೆ ಉದುರಿತು. ಮಧ್ಯಾಹ್ನ ಕಳೆದು ಹೆಡ್ಡು ಎರಡು ಹೋಳಾಯಿತು. ಒರೆಸಿ ಬೆಳಕಿಗೆ ಹಿಡಿದ.

ಮೊದಲನೇ ಪೋರ್ಟಿನ ಗೋಡೆ ಪೆನ್ಸಿಲಿನಷ್ಟು ದಪ್ಪ. ಮುಂದಿನದು ಅದಕ್ಕಿಂತ ಕಡಿಮೆ. ಅದರ ಮುಂದಿನದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕೊನೆಯದರಲ್ಲಿ ಗೋಡೆ ಎಂಬುದು ಮೊಟ್ಟೆಯ ಚಿಪ್ಪಿನಷ್ಟು. ಎರಕ ಹೊಯ್ಯುವಾಗ ಸುರಂಗದ ಜಾಗಕ್ಕಿಟ್ಟ ಮರಳಿನ ಅಚ್ಚು ತುಸು ಸರಿದಿತ್ತು. ಹೊರಗಿಂದ ನೋಡಿದರೆ ನಾಲ್ಕೂ ಅವಳಿಗಳ ಹಾಗೆ. ಒಳಗೆ ಒಂದೊಂದಕ್ಕೂ ಒಂದೊಂದು ಹಣೆಬರಹ.

ಕಂಪ್ಯೂಟರಿನ ಮುಂದೆ ಹೋಗಿ ಮಾಸ್ಟ್ರ ನಾಲ್ಕು ಪೋರ್ಟುಗಳನ್ನು ತೆರೆದ. ಈಗ ಅವನಿಗೆ ಅವು ಬೇರೆ ಬಗೆಯಲ್ಲಿ ಕಂಡವು. ಕೊನೆಯ ಪೋರ್ಟನ್ನು ಮಾಸ್ಟ್ರು ಒಂದು ಕಡೆ ಮುಟ್ಟದೆ ಬಿಟ್ಟಿದ್ದರು; ಅವರ ಎರಕದಲ್ಲೂ ಅಲ್ಲಿ ಗೋಡೆ ತೆಳುವಿದ್ದಿರಬೇಕು. ಅಲ್ಲಿ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಚಾವಣಿ ಎತ್ತರಿಸಿ, ತಿರುವನ್ನು ಮೆದುವಾಗಿಸಿ ತುಂಬಿಸಿಕೊಂಡಿದ್ದರು. ಗಾಳಿಗೆ ಕಡಿಮೆಯಾಗಿರಲಿಲ್ಲ. ಗೋಡೆಗೂ ನೋವಾಗಿರಲಿಲ್ಲ. ಕೈ ನಡುಗಿದ್ದೆಂದು ತಾನು ಅಳಿಸಿದ ಒಂದೊಂದು ಉಬ್ಬೂ ಒಂದು ತೀರ್ಮಾನವಾಗಿತ್ತು.

ಹೊರಗೆ ಬಂದಾಗ ಮಾಸ್ಟ್ರು ದಂಡೆಯಲ್ಲಿ ಕೂತು ದೋಣಿಯವರ ಜೊತೆ ಮಾತಾಡುತ್ತಿದ್ದರು.

“ಬಸ್ಸಿಗೆ ಹೊತ್ತಾಯ್ತಾ?”

“ಇನ್ನೊಂದು ಹಳೇ ಹೆಡ್ ಇದೆಯಾ ಮಾಸ್ಟ್ರೇ, ಕೊಯ್ಯೋಕೆ?”

ಮಾಸ್ಟ್ರು ನಕ್ಕರು. ಅವನು ಬಂದಂದಿನಿಂದ ಅವರು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು. “ಗುಜರಿಯವನಿಗೆ ಹೇಳ್ತೇನೆ,” ಎಂದರು.

ಭಾನುವಾರ ಕಳೆದು ದೇಚಮ್ಮ ಬಂದರು. ಕಾರಿಗೆ ಬಾನೆಟ್ಟಿನವರೆಗೂ ಕೆಸರು.

“ಎಷ್ಟನೆಯವರಾಗಿ ಬಂದ್ರಿ ಅಮ್ಮಾ?” ಎಂದು ನಿಜಗುಣ ಕೇಳಿದ.

“ಎಲ್ಲೋ ನಡುವೆ,” ಎಂದರು ದೇಚಮ್ಮ. “ಏರಿನಲ್ಲಿ ಎರಡನೇ ಗೇರಿಗೆ ಹಾಕಿದೆ ಮಾಸ್ಟ್ರೇ, ಬೆನ್ನ ಹಿಂದಿಂದ ಯಾರೋ ಕೈ ಇಟ್ಟು ನೂಕಿದ ಹಾಗಾಯ್ತು. ಹಾಗೇ ಅಳು ಬಂತು. ದಾರಿ ಕಾಣಲ್ಲ ಅಂತ ಅಳು ನಿಲ್ಲಿಸಿದೆ.”

ಮಾಸ್ಟ್ರು ಎಂಜಿನ್ನು ಹಚ್ಚಲು ಹೇಳಿದರು. ತೆರೆದ ಬಾನೆಟ್ಟಿನ ಮುಂದೆ ಕಣ್ಣುಮುಚ್ಚಿ ನಿಂತು ಕೇಳಿದರು. ಸಾಕೆಂದು ಕೈ ಎತ್ತುವುದಕ್ಕೆ ಬಹಳ ಹೊತ್ತಾಯಿತು.

ಮಳೆಗಾಲ ಬಂತು, ಹೋಯಿತು. ನಿಜಗುಣ ಗುಜರಿ ಹೆಡ್ಡುಗಳನ್ನು ಕೊಯ್ಯುತ್ತ ಹೋದ. ಗೋಡೆ ಎಲ್ಲಿ ಯಾವಾಗಲೂ ದಪ್ಪ, ಎಲ್ಲಿ ಯಾವಾಗಲೂ ತೆಳು, ಎಲ್ಲಿ ಹೇಳಲಾಗದು ಎಂಬುದು ಅವನ ಬೆರಳಿಗೆ ಬಂತು. ಆಮೇಲೆ ತನ್ನದೊಂದು ಪೋರ್ಟು ಕೆತ್ತತೊಡಗಿದ. ಕೆತ್ತಿ ಗಾಳಿಮೇಜಿಗೆ ಹಾಕುವನು. ದಾರ ಹಿಡಿಯುವನು. ಹೆಚ್ಚು ಕೆತ್ತಿದ ಕಡೆ ಗಟ್ಟಿಯಾಗುವ ಅಂಟು ತುಂಬಿ ಮತ್ತೆ ಕೆತ್ತುವನು.

ಮಾಸ್ಟ್ರು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕೆಲವೊಮ್ಮೆ ಎದ್ದು ಬಂದು ಸುರಂಗದೊಳಗೆ ಬೆರಳಿಡುವರು. ಬೆರಳು ಗೋಡೆ ಮುಟ್ಟಿದ ಕೂಡಲೇ ನಡುಕ ಕಡಿಮೆಯಾಗುತ್ತಿತ್ತು.

“ಇಲ್ಲಿ ಎಂತಕ್ಕೆ ತೆಗೆದದ್ದು?” ಎನ್ನುವರು.

ಕಾರಣ ಹೇಳಿದರೆ ಸುಮ್ಮನೆ ಹೋಗುವರು. “ಚೆಂದ ಕಾಣಲಿ ಅಂತ,” ಎಂದರೆ ಅಲ್ಲೇ ನಿಲ್ಲುವರು. ಅವನೇ ಅಂಟಿನ ಡಬ್ಬಿ ತರುವ ತನಕ ನಿಲ್ಲುವರು.

ಒಮ್ಮೆ ನಿಜಗುಣ ಕೇಳಿದ: “ಯಂತ್ರ ಒಂದೇ ಆಕಾರ ಕೊರೆಯುತ್ತೆ. ಎರಕ ಒಂದೊಂದೂ ಬೇರೆ. ಹಾಗಾದ್ರೆ ಯಂತ್ರ ಯಾಕೆ ತಂದ್ರಿ ಮಾಸ್ಟ್ರೇ?”

“ನಮ್ಮ ಊರಿನ ಟೈಲರ್ ಕತ್ತರಿ ಯಾಕೆ ಇಟ್ಕೊಂಡದ್ದು?”

“ಬಟ್ಟೆ ಕತ್ತರಿಸೋಕೆ.”

“ಅಳತೆ ತೆಗೀಲಿಕ್ಕೆ ಅಲ್ಲವಾ?”

“ಅದಕ್ಕೆ ಟೇಪು ಇರುತ್ತಲ್ಲ.”

“ಹಾಂ,” ಎಂದು ಮಾಸ್ಟ್ರು ಕುರ್ಚಿಗೆ ಮರಳಿದರು.

ನಿಜಗುಣ ಅದನ್ನು ಹಿಡಿದುಕೊಂಡೇ ಕೆಲಸ ಮಾಡಿದ. ಎಷ್ಟೇ ಸರಿದ ಎರಕವಾದರೂ ತಾಳಿಕೊಳ್ಳುವಂಥ ಆಕಾರವೊಂದನ್ನು ಮೊದಲು ಕೆತ್ತಿದ. ಯಂತ್ರ ಅಷ್ಟರವರೆಗೆ ಮಾತ್ರ ಕೊರೆಯಬೇಕು. ಅದಕ್ಕೆ ಮುಂಚೆ ಹೊಸದಾಗಿ ಬಂದ ಹೆಡ್ಡಿನ ಪ್ರತಿ ಗೋಡೆಯ ದಪ್ಪ ಅಳೆಯಬೇಕು. ಯಾವುದು ಎತ್ತ ಸರಿದಿದೆಯೋ ಅತ್ತ ಕಟರು ಹಿಂದೆ ಸರಿಯುವಂತೆ ಪ್ರೋಗ್ರಾಂ ತಿದ್ದಬೇಕು. ಉಳಿದದ್ದನ್ನು ಕೈ ಮಾಡಬೇಕು.

ಚಳಿ ಬೀಳುವ ಹೊತ್ತಿಗೆ ಹಾಸನದ ಕಡೆಯವರೊಬ್ಬರು ಒಂದು ಹೆಡ್ಡು ತಂದುಕೊಟ್ಟರು. ಮಾಸ್ಟ್ರು ಅದನ್ನು ನೋಡಿ, ನೇರವಾಗಿ ನಿಜಗುಣನ ಬೆಂಚಿನ ಮೇಲಿಟ್ಟು ಹೋದರು.

ನಿಜಗುಣ ತೊಳೆದ. ನಾಲ್ಕೂ ಪೋರ್ಟಿನ ಗೋಡೆಗಳನ್ನು ಅಳೆದ. ಎರಡನೆಯದರ ಎಡಗಡೆ ತೆಳುವಿತ್ತು. ಮತ್ತೊಮ್ಮೆ ಅಳೆದ. ತೆಳುವೇ. ಪ್ರೋಗ್ರಾಂ ತಿದ್ದಿದ. ಹೆಡ್ಡನ್ನು ಯಂತ್ರದಲ್ಲಿ ಬಿಗಿದು ಬಾಗಿಲು ಮುಚ್ಚಿದ.

ಹಸಿರು ಗುಂಡಿಯ ಹತ್ತಿರ ಬಂದ ಬೆರಳು ಅಲ್ಲೇ ನಿಂತಿತು.

ಬೆಂಚಿನ ಮೇಲೆ ಅವನು ಕೈಯಿಂದ ಕೆತ್ತಿದ ಮಾದರಿ ಪೋರ್ಟು ಇತ್ತು. ಅದನ್ನು ಎತ್ತಿ ಮಾಸ್ಟ್ರ ಹತ್ತಿರ ಒಯ್ದ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಈಗ ಕೇಳಿದ.

“ಮಾಸ್ಟ್ರೇ, ಇದು ನಿಮ್ಮದರ ಹಾಗೆ ಆಗಿದೆಯಾ?”

ಮಾಸ್ಟ್ರು ಒಳಗೆ ಬೆರಳಿಟ್ಟು, ಕಣ್ಣುಮುಚ್ಚಿ, ತಿರುವಿನವರೆಗೂ ಸವರಿದರು. ಇನ್ನೊಮ್ಮೆ ಸವರಿದರು.

“ಇಲ್ಲ.”

ನಿಜಗುಣ ಮಾದರಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದ.

“ತಿರುವಿನಲ್ಲಿ ನಾನು ಹೀಗೆ ಮಾಡ್ತಿರ್ಲಿಲ್ಲ,” ಎಂದರು ಮಾಸ್ಟ್ರು. “ನನಗೆ ಇದು ಹೊಳೀಲೇ ಇಲ್ಲ.”

ನಿಜಗುಣ ಮಾದರಿಯನ್ನು ಬೆಂಚಿನ ಮೇಲಿಟ್ಟು ಯಂತ್ರದ ಮುಂದೆ ಹೋಗಿ ನಿಂತ. ಗುಂಡಿಯ ಮೇಲೆ ಬೆರಳಿಟ್ಟು ತಿರುಗಿ ನೋಡಿದ.

“ಒತ್ಲಾ ಮಾಸ್ಟ್ರೇ?”

ಮಾಸ್ಟ್ರು ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡು ಕೂತು, ಅದರ ಬಾಗಿಲನ್ನು ಮೆಲ್ಲಗೆ ತಟ್ಟಿದರು.

“ಇವತ್ತಿಂದ ನಿನಗೂ ಒಬ್ಬ ಶಿಷ್ಯ, ನಿಜಗುಣಾ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ನೋಡಿ ಹೇಳು.”